ಮೇಷ್ಟ್ರ ಕೈಗುಣ

ಎಲ್ಲದಕ್ಕೂ ಮೂಲ ಗುದ್ದಲಿಯ ಸಡಿಲ ಹಿಡಿ. ಬೆಳೆ ಮುಗಿದಿತ್ತು, ಬಳ್ಳಿಗಳು ಒಣಗಿದ್ದವು, "ಇವತ್ತು ಹಿತ್ತಲು ಚೊಕ್ಕ ಆಗದಿದ್ರೆ ಮಧ್ಯಾಹ್ನ ಊಟ ಇಲ್ಲ" ಎಂದು ಹೆಂಡತಿ ಹೇಳಿಯೂ ಆಗಿತ್ತು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಬದನೆ ಗಿಡದ ಬುಡಕ್ಕೊಂದು ಏಟು ಹಾಕೋಣವೆಂದು ಗುದ್ದಲಿ ಎತ್ತಿದರು. ಹಿಡಿ ಕೈಯಲ್ಲೇ ಉಳಿಯಿತು, ಗುದ್ದಲಿ ಗೋಡೆ ಹಾರಿ ಪಕ್ಕದ ಮನೆ ಸೇರಿತು. ಆ ಕಡೆ ಪ್ಲಾಸ್ಟಿಕ್ ಬಕೆಟ್ ಒಡೆದ ಸದ್ದಾಯಿತು.

ಮೇಷ್ಟ್ರ ಹಿತ್ತಲಿನ ಸಾಮಾನೆಲ್ಲ ಅವರ ಓರಗೆಯವು. ನೀರಿನ ಪೈಪಿಗೆ ಸುತ್ತಿದ್ದ ಬಟ್ಟೆ ನೋಡಿದರೆ ಆಸ್ಪತ್ರೆಯಿಂದ ಈಗಷ್ಟೇ ಬಂದಂತಿತ್ತು. ಕಸದ ತಳ್ಳುಗಾಡಿ ಬಲಕ್ಕೆ ಮಾತ್ರ ತಿರುಗುತ್ತಿತ್ತು. ಎಡಗಡೆಯ ಗೊಬ್ಬರಗುಂಡಿಗೆ ಹೋಗಬೇಕೆಂದರೆ ಇಡೀ ಮನೆಯನ್ನು ಸುತ್ತಿ ಬರಬೇಕು. ಒಣಬಳ್ಳಿ ಪುಡಿ ಮಾಡುವ ಯಂತ್ರವಂತೂ ಕೆಟ್ಟು ಯಾವ ಕಾಲವಾಯಿತೋ, ಮೇಷ್ಟ್ರು ಅದರ ಮೇಲೆ ಟವೆಲ್ ಒಣಗಿಸುತ್ತಿದ್ದರು.

ಆದರೂ ಬೀದಿಯ ಜನ ಆ ಹಿತ್ತಲಿಗೆ ಕೈಮುಗಿಯುವುದೊಂದು ಬಾಕಿ. ಮೇಷ್ಟ್ರ ಸೋರೆಕಾಯಿ ಅವರ ಭುಜದುದ್ದ ಬೆಳೆಯುತ್ತಿತ್ತು. ಅವರೇನು ಜಿಪುಣರಲ್ಲ, ಪ್ರತಿ ವರ್ಷ ಮನೆಮನೆಗೂ ಬೀಜದ ಪೊಟ್ಟಣ ಕೊಡುತ್ತಿದ್ದರು. ಕೊಡುವ ಹಿಂದಿನ ದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡು ತಾವೇ ಬೀಜವನ್ನು 'ಹದ' ಮಾಡುತ್ತಿದ್ದರು. ಅಷ್ಟಾದರೂ ಯಾರ ಮನೆಯಲ್ಲೂ ಒಂದು ಮೊಳಕೆ ಬಂದದ್ದಿಲ್ಲ. ಕೇಳಿದರೆ, "ಬೀಜ ಅದೇ ಕಣಮ್ಮಾ. ಕೈಗುಣ ಬೇಕಲ್ಲ!" ಎನ್ನುತ್ತಿದ್ದರು.

ಈ ವರ್ಷವೂ ಬೀಜಕ್ಕೆಂದು ಚಪ್ಪರದಲ್ಲಿ ಒಂದೇ ಒಂದು ಕಾಯಿ ಬಿಟ್ಟಿದ್ದರು. ಅದು ಒಣಗಿ, ಅಲ್ಲಾಡಿಸಿದರೆ ಗಲಗಲ ಎನ್ನುತ್ತಿತ್ತು. ಮನೆಯಲ್ಲಿ ಹಳೆಯ ಬೀಜ ಒಂದೂ ಉಳಿದಿರಲಿಲ್ಲ. ಆ ಕಾಯಿ ಹೋದರೆ ಸೋರೆಯ ವಂಶವೂ ಹೋಯಿತು, ಬೀದಿಯಲ್ಲಿ ಮೇಷ್ಟ್ರ ಗತ್ತೂ ಹೋಯಿತು.

ಪಕ್ಕದ ಮನೆಯ ಮೆಕ್ಯಾನಿಕ್ ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದರಲ್ಲಿ ಒಡೆದ ಬಕೆಟ್ ಹಿಡಿದು ಬಂದ. ಜಗಳಕ್ಕೆ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು, ಆತ ಸಹಾಯಕ್ಕೆ ಬಂದಿದ್ದ.

"ಬಕೆಟ್ ಹೋಗ್ಲಿ ಬಿಡಿ ಮೇಷ್ಟ್ರೇ. ಈ ವಯಸ್ಸಲ್ಲಿ ಒಬ್ರೇ ಯಾಕೆ ಒದ್ದಾಡ್ತೀರಾ? ನಾನಿಲ್ವಾ?"

"ಬೇಡಪ್ಪಾ, ನಾನೇ ನಿಧಾನಕ್ಕೆ..."

"ಸುಮ್ನಿರಿ ಸಾರ್!" ಎಂದವನ ಕಣ್ಣು ಟವೆಲ್ಲಿನ ಕೆಳಗಿದ್ದ ಯಂತ್ರದ ಮೇಲೆ ಬಿತ್ತು. ಹಸಿದವನಿಗೆ ಎಲೆ ಹಾಕಿದಂತಾಯಿತು. ಸ್ಪ್ಯಾನರ್ ತಂದು ಅಲ್ಲೇ ಕುಕ್ಕರಗಾಲಲ್ಲಿ ಕೂತ.

ಬಕೆಟ್ ಒಡೆದ ಸದ್ದು ಕೇಳಿ ಎದುರುಮನೆಯ ನರ್ಸಮ್ಮ ಓಡಿ ಬಂದರು. "ಯಾರಿಗಾದ್ರೂ ಪೆಟ್ಟಾಯ್ತಾ?" ಯಾರಿಗೂ ಆಗಿರಲಿಲ್ಲ. ಅವರಿಗೆ ಸ್ವಲ್ಪ ನಿರಾಸೆಯಾದರೂ, ಬಂದ ಮೇಲೆ ಸುಮ್ಮನೆ ಹೋಗುವ ಜಾತಿಯವರಲ್ಲ. "ನಾನು ಚಪ್ಪರ ಬಿಚ್ತೀನಿ, ನೀವು ಆ ಗಾಡಿ ಖಾಲಿ ಮಾಡ್ಕೊಂಡು ಬನ್ನಿ" ಎಂದರು.

ಮೇಷ್ಟ್ರು ಹೊರಟರು. ಗಾಡಿ ಬಲಕ್ಕೆ ತಿರುಗಿತು. ಮನೆಯ ಮುಂಭಾಗಕ್ಕೆ ಬರುವಷ್ಟರಲ್ಲಿ ಚಕ್ರ ಕಳಚಿತು. ಅದನ್ನು ಸಿಕ್ಕಿಸಿ ಇನ್ನೂ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿತ್ತಲಲ್ಲಿ ಯಂತ್ರ ಘರ್ರೆಂದಿತು. ಕೂಡಲೇ ಅವರಿಗೆ ಸೋರೆಕಾಯಿಯ ನೆನಪಾಯಿತು. ಗಾಡಿಯನ್ನು ಅಲ್ಲೇ ಬಿಟ್ಟು ಓಡಿದರು.

ಚಪ್ಪರ ಬೋಳಾಗಿತ್ತು.

"ಏನ್ ಮಷಿನ್ ಸಾರ್ ಇದು! ಚಿನ್ನ!" ಎಂದ ಮೆಕ್ಯಾನಿಕ್.

"ಒಂದು ಕಾಯಿ ಒಣಗಿ ಮರ ಆಗಿತ್ತು ನೋಡಿ," ಎಂದರು ನರ್ಸಮ್ಮ, "ಅದನ್ನೂ ಹಿಟ್ಟು ಮಾಡ್ಬಿಡ್ತು!"

ಮೇಷ್ಟ್ರು ಆ ಪುಡಿಯ ಗುಡ್ಡೆಯ ಮುಂದೆ ಕುಸಿದು ಕೂತರು. ಅಡುಗೆಮನೆಯ ಜರಡಿ ತಂದು ಮಧ್ಯಾಹ್ನವೆಲ್ಲ ಜಾಲಿಸಿದರು. ಇಡೀ ಬೀಜ ಒಂದೂ ಸಿಗಲಿಲ್ಲ. ಮಗುವಿನಂತೆ ಸಾಕಿದ್ದರಲ್ಲ, ನಿಜಕ್ಕೂ ಅಳು ಬಂತು. ವಿಷಯ ತಿಳಿದ ನರ್ಸಮ್ಮ ತಾವೂ ಅತ್ತರು. ಮೆಕ್ಯಾನಿಕ್ ಮಾತ್ರ ಏನನ್ನೋ ಯೋಚಿಸಿ ಬೀದಿಗೆ ಓಡಿದ.

ಸಂಜೆ ಬಾಗಿಲು ತೆಗೆದರೆ ಅಂಗಳದ ತುಂಬ ಜನ. ಒಬ್ಬೊಬ್ಬರ ಕೈಯಲ್ಲೂ ಒಂದು ಪೊಟ್ಟಣ.

"ತಗೊಳ್ಳಿ ಮೇಷ್ಟ್ರೇ, ಹೋದ ವರ್ಷ ನೀವೇ ಕೊಟ್ಟಿದ್ದು," ಎಂದರು ನರ್ಸಮ್ಮ. "ನಮಗೆ ಕೈಗುಣ ಇಲ್ಲ ಅಂದ್ರಲ್ಲ, ಸುಮ್ನೆ ಯಾಕೆ ಹಾಳು ಮಾಡೋದು ಅಂತ ಹಾಕ್ಲೇ ಇಲ್ಲ. ಹಾಗೇ ಎತ್ತಿಟ್ಟಿದ್ವಿ."

"ನಿಮ್ಮ ಬೀಜ ನಿಮ್ಗೇ ವಾಪಸ್ಸು!" ಎಂದ ಮೆಕ್ಯಾನಿಕ್. ಜನ ಚಪ್ಪಾಳೆ ತಟ್ಟಿದರು.

ಮೇಷ್ಟ್ರ ಮುಖ ಅರಳಿತು. ಮರುಕ್ಷಣ ಬಾಡಿತು. ಒಂದು ಪೊಟ್ಟಣ ಬಿಚ್ಚಿದರು, ಇನ್ನೊಂದು ಬಿಚ್ಚಿದರು. ಎಲ್ಲ ಬೀಜದ ಅಂಚೂ ಕೆಂಪಗಿತ್ತು.

"ಮೊಳಕೆ ಬಂದಾಗ ಹೇಳಿ ಸಾರ್, ಎಲ್ರೂ ನೋಡೋಕೆ ಬರ್ತೀವಿ. ನಿಮ್ಮ ಕೈಗುಣ ಅಂದ್ರೆ ಸುಮ್ನೇನಾ!" ಎಂದು ಸೇರಿಸಿದ ಮೆಕ್ಯಾನಿಕ್.

"ಖಂಡಿತ ಬನ್ನಿ," ಎಂದಳು ಒಳಗಿನಿಂದ ಹೆಂಡತಿ. ಆಮೇಲೆ ಹತ್ತಿರ ಬಂದು ಗಂಡನಿಗಷ್ಟೇ ಕೇಳುವಂತೆ, "ಬಾಣಲೆ ತೊಳೆದಿಟ್ಟಿದ್ದೀನಿ, ಇವನ್ನೂ ಇನ್ನೊಂದ್ಸಲ ಹದ ಮಾಡ್ತೀರಾ?" ಎಂದಳು.

ಮೇಷ್ಟ್ರು ಒಂದು ಬೀಜ ಬಾಯಿಗೆ ಹಾಕಿಕೊಂಡು ಕಡಿದರು. ವರ್ಷವಾದರೂ ಇನ್ನೂ ಗರಿಗರಿಯಾಗಿತ್ತು.