ಮಾವನ ಸೆಲ್ಲು ಇಳಿದ ಕಥೆ

'ನಮ್ಮ ಪೈಕಿ ಯಾರ್ಗೂ ಡಿಗ್ರಿ ಆಗಾಕೆ ಸಾಧ್ಯನೇ ಇಲ್ಲ' ಎಂದು ಸಾರಿದವರು ಬೇರೆ ಯಾರೂ ಅಲ್ಲ, ನ್ಯಾಮತಿಯ ನನ್ನ ಸೋದರಮಾವ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಬರೀ ಸೆಲ್ಲಿನ ಮೇಲೆ ಜೀವಮಾನವಿಡೀ ನುಡಿಸಬಹುದು ಎಂದವರೂ ಅವರೇ. ಇಂಥವರ ಮನೆಯಲ್ಲಿದ್ದುಕೊಂಡು ನಾನು ಬಿ.ಎಸ್ಸಿ. ಓದಿದೆ!

ಮನೆಯಲ್ಲಿ ಕರೆಂಟು ಇರಲಿಲ್ಲವೆ? ಇತ್ತು. ಆದರೆ ಒಮ್ಮೆ ಭಜನೆಯ ನಡುವೆ ಕೈಕೊಟ್ಟಿತೆಂದು ಮಾವ ಅದರೊಂದಿಗೆ ಮಾತು ಬಿಟ್ಟಿದ್ದರು. ಶ್ರುತಿಪೆಟ್ಟಿಗೆಯೋ, ಸೆಲ್ಲು ನುಂಗುವುದರಲ್ಲಿ ಬಕಾಸುರ. ಅದಕ್ಕೆ ಸೆಲ್ಲು ಕೊಟ್ಟು ಟಾರ್ಚು ಕುರುಡಾಯಿತು, ರೇಡಿಯೋ ಮೂಕವಾಯಿತು. ಇಳಿದ ಸೆಲ್ಲುಗಳನ್ನು ಬಿಸಿಲಿಗಿಟ್ಟರೆ ಮತ್ತೆ ಏರುತ್ತವೆಂಬುದು ಮಾವನ ಸಿದ್ಧಾಂತ. ಮಾಳಿಗೆಯ ಮೇಲೆ ಅತ್ತೆಯ ಸಂಡಿಗೆಯ ಪಕ್ಕದಲ್ಲೇ ಅವನ್ನೂ ಸಾಲಾಗಿ ಒಣಹಾಕುತ್ತಿದ್ದರು.

"ಸಂಜಿಗೆ ಇವನ್ನೂ ಕರಿದು ಬಡಿಸ್ಲೇನ್ರಿ?" ಎನ್ನುತ್ತಿದ್ದರು ಅತ್ತೆ.

ಹಾಗೆ ಒಣಗಿಸಿದ ಸೆಲ್ಲಿನ ಮೇಲೆ ಮಠದಲ್ಲಿ ಶನಿವಾರದ ಭಜನೆ! ಒಂದೊಂದು ಪದಕ್ಕೂ ಶ್ರುತಿ ತುಸು ತುಸುವೇ ಇಳಿಯುವುದು, ಹಾಡುವವರೂ ಅದರ ಬೆನ್ನುಹತ್ತಿ ಇಳಿಯುವುದು. ಕೊನೆಗೆ ಎಲ್ಲರೂ ಎಮ್ಮೆಯ ದನಿಯಲ್ಲಿ ದೇವರನ್ನು ಕರೆಯುವುದು. ದೇವರು ಬಾರದಿದ್ದುದರಲ್ಲಿ ಆಶ್ಚರ್ಯವೇನು?

"ಗುರುವೇ, ಮಂಗಳಾರತಿ ಹೊತ್ಗೆ ಬಾವಿ ತಳ ಮುಟ್ತೀವಿ!" ಎಂದು ತಬಲದ ಅಜ್ಜ ಕೈಮುಗಿದ.

"ಶ್ರುತಿ ಇಳಿದಿಲ್ಲೋ, ನಿನ್ ತಬಲಾನೇ ಏರೈತೆ!" ಎಂದರು ಮಾವ.

ನಾನು ಸುಮ್ಮನಿರಬೇಕಿತ್ತು. ಫಿಸಿಕ್ಸ್ ಓದುತ್ತಿದ್ದೆನಲ್ಲ! "ಮಾವಾ, ವೋಲ್ಟೇಜ್ ಕಮ್ಮಿಯಾಗೈತೆ" ಎಂದೆ.

"ಪಾಸಾಗೇ ಇಲ್ಲ, ಆಗ್ಲೇ ಪಾಠ ಹೇಳಾಕೆ ಬಂದ್ಳು!"

ಕೊನೆಯ ವರ್ಷದ ಕೊನೆಯ ಪರೀಕ್ಷೆ ಹೊನ್ನಾಳಿಯಲ್ಲಿ. ಅದು ತಪ್ಪಿದರೆ ಮಾವನ ಭವಿಷ್ಯವಾಣಿ ನಿಜವಾದಂತೆ. ಬೆಳಿಗ್ಗೆ ಗೋಡೆ ಗಡಿಯಾರ ನೋಡಿದೆ, ಏಳು ಗಂಟೆ. ಸ್ನಾನ ಮಾಡಿ, ರೊಟ್ಟಿ ತಿಂದು, ಇನ್ನೊಮ್ಮೆ ಪುಸ್ತಕ ತಿರುವಿ ನೋಡಿದೆ. ಇನ್ನೂ ಏಳು! ಗಡಿಯಾರದ ಸೆಲ್ಲು ಒಳಕೋಣೆಯ ಶ್ರುತಿಪೆಟ್ಟಿಗೆಯಲ್ಲಿ ಕುಳಿತು ಹಾಡುತ್ತಿತ್ತು. ಬಸ್ಸು ಹೋಗಿ ಬಹಳ ಹೊತ್ತಾಗಿತ್ತು.

ನಾನು ಅಳಲಿಲ್ಲ, ಬೈದೆ. ವರ್ಷಗಟ್ಟಲೆ ಕೂಡಿಟ್ಟಿದ್ದನ್ನೆಲ್ಲ ಬೈದೆ. ಮಾವ ಸೈಕಲ್ಲು ತೆಗೆದರು. "ಹತ್ತು" ಎಂದರು.

ಮನೆಯಿಂದ ಭಜನೆ ಮಠದವರೆಗೆ ನಡೆದರೇ ಏದುಸಿರು ಬಿಡುತ್ತಿದ್ದ ದೇಹ ಅದು! ಹೊನ್ನಾಳಿಯ ದಾರಿಯುದ್ದಕ್ಕೂ ಕ್ಯಾರಿಯರಿನ ಮೇಲೆ ನನ್ನನ್ನು ಹೊತ್ತು ಅವರು ತುಳಿದೇ ತುಳಿದರು. ಕಾಲೇಜಿನ ಗೇಟಿನಲ್ಲಿ ಸೈಕಲ್ಲಿನೊಂದಿಗೆ ಗೋಡೆಗೆ ಒರಗಿದರು. ಒಳಗೆ ಗಂಟೆ ಬಾರಿಸುತ್ತಿತ್ತು.

"ನನ್ ಸೆಲ್ಲು ಇಳೀತು ಕಣವ್ವಾ. ನೀ ಓಡು!"

ಓಡಿದೆ. ಬರೆದೆ. ಪಾಸಾದೆ.

ಡಿಗ್ರಿ ಸರ್ಟಿಫಿಕೇಟು ಬಂದ ದಿನ ಅದನ್ನು ಮೊದಲು ಮಾವನ ಕೈಗೇ ಕೊಟ್ಟೆ, ಚುಚ್ಚುವುದಕ್ಕೆಂದೇ. ಓದು ಬಾರದ ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದರು. ಬೆರಳಿನಿಂದ ಮೊಹರನ್ನು ಸವರಿದರು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು:

"ಇದು ಇಳಿಯಾಕಿಲ್ಲ, ಅಲ್ಲೇನವ್ವಾ?"