ಭಾವನ ಕಾರು, ಅಕ್ಕನ ಹೊಟ್ಟೆ

ಜನ ಕಾರನ್ನು ಬಣ್ಣ ನೋಡಿ ಕೊಳ್ಳುತ್ತಾರೆ, ಬೆಲೆ ನೋಡಿ ಕೊಳ್ಳುತ್ತಾರೆ, ಪಕ್ಕದ ಮನೆಯವರು ಕೊಂಡದ್ದು ಯಾವುದೆಂದು ನೋಡಿ ಅದಕ್ಕಿಂತ ಒಂದು ಗೇಣು ಉದ್ದದ್ದನ್ನು ಕೊಳ್ಳುತ್ತಾರೆ. ನಮ್ಮ ಭಾವ ಕಾರು ಕೊಂಡದ್ದು ಹೆಂಡತಿಯ ವಾಂತಿ ನೋಡಿ! ಊಟ ಮಾಡುತ್ತಾ ಓದುವ ಅಭ್ಯಾಸದವರು ದಯವಿಟ್ಟು ತಟ್ಟೆಯನ್ನು ಆಚೆಗಿಡಿ. ಏನು ಮಾಡಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ?

ಭಾವ ಎಂದರೆ ನನ್ನ ಅಕ್ಕನ ಗಂಡ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟವರು. ಹೆಗಲ ಮೇಲೆ ಸದಾ ಒಂದು ಟವೆಲ್ಲು. ಯಾವ ವಸ್ತುವನ್ನೂ ಅವರು ಹೊಗಳಿ ಕೊಂಡದ್ದಿಲ್ಲ. ಬದನೆಕಾಯಿ ಕೈಗೆತ್ತಿಕೊಂಡರೂ "ಇದೇನ್ರೀ, ಮುಖಾನೇ ಸರಿಯಿಲ್ಲ" ಎಂದೇ ಶುರು. ಅಕ್ಕನನ್ನು ನೋಡಲು ಬಂದ ದಿನವೂ "ಉಪ್ಪಿಟ್ಟಿಗೆ ಉಪ್ಪು ಕಮ್ಮಿ" ಎಂದಿದ್ದರಂತೆ. ನಮ್ಮಪ್ಪ ಬೆವರಿಹೋದರಂತೆ. ಆಗ ಅವರ ಜೊತೆ ಬಂದಿದ್ದ ಸೋದರಮಾವ ಅಪ್ಪನ ಕಿವಿಯಲ್ಲಿ, "ಹುಡ್ಗ ಒಪ್ಕಂಡವ್ನೆ ಬಿಡಿ. ಬ್ಯಾಡ ಅನ್ನಂಗಿದ್ರೆ ಹೊಗಳ್ತಿದ್ದ" ಎಂದರಂತೆ!

ಅಕ್ಕ ಅರಸೀಕೆರೆಯ ಹೈಸ್ಕೂಲಿನಲ್ಲಿ ಮೇಡಮ್ಮು. ಮುಖ್ಯೋಪಾಧ್ಯಾಯಿನಿಯ ಕುರ್ಚಿಗಾಗಿ ಬಹಳ ಕಾಲ ಕಾದಿದ್ದಳು. ಕೊನೆಗೂ ಬಡ್ತಿ ಬಂತು. ಆದರೆ ಕುರ್ಚಿ ಇದ್ದದ್ದು ಹಳೇಬೀಡು ದಾಟಿ ಮಾದಿಹಳ್ಳಿಯ ಕಡೆಯ ಒಂದು ಶಾಲೆಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರಬೇಕು. ಇಲ್ಲಿಯೇ ತಾಪತ್ರಯ ಶುರುವಾದದ್ದು. ಅಕ್ಕನ ಹೊಟ್ಟೆಗೂ ಬಸ್ಸಿಗೂ ಹುಟ್ಟಿದಾರಭ್ಯ ಆಗಿಬರುವುದಿಲ್ಲ.

ಅದಕ್ಕೊಂದು ಕ್ರಮವೂ ಇತ್ತು. ಅರಸೀಕೆರೆಯಲ್ಲಿ ಬಸ್ಸು ಹತ್ತಿದ ಅಕ್ಕ ಜಾವಗಲ್‌ವರೆಗೆ ಎಲ್ಲರೊಡನೆ ನಗುತ್ತಾ ಮಾತಾಡುವಳು. ಜಾವಗಲ್ ದಾಟಿದರೆ ಮಾತು ನಿಲ್ಲುವುದು. ಹಳೇಬೀಡಿನ ಕೆರೆ ಕಾಣಿಸುವಷ್ಟರಲ್ಲಿ ತಲೆ ಕಿಟಕಿಯ ಆಚೆ! ಕಂಡಕ್ಟರು ಹಿಂದಿನ ಕಿಟಕಿಯವರಿಗೆ "ಗ್ಲಾಸು ಹಾಕ್ಕಳ್ರಪ್ಪಾ, ಮೇಡಮ್ಮು ಬಂದವ್ರೆ" ಎಂದು ಮೊದಲೇ ಕೂಗಿಬಿಡುತ್ತಿದ್ದರಂತೆ. ಶಾಲೆ ತಲುಪಿ, ಮುಖ ತೊಳೆದು, ಸುಣ್ಣದ ಗೋಡೆಯ ಬಣ್ಣದಲ್ಲಿ ಪ್ರಾರ್ಥನೆಗೆ ನಿಲ್ಲುವ ಹೆಡ್‌ಮಿಸ್ಟ್ರೆಸ್ಸನ್ನು ಕಂಡರೆ ಮಕ್ಕಳು ಹೆದರುವ ಬದಲು ಮರುಗುತ್ತಿದ್ದವು. ಯಾವ ಮುಖ್ಯೋಪಾಧ್ಯಾಯಿನಿ ತಾನೇ ಇದನ್ನು ಸಹಿಸಿಯಾಳು?

ಹಳೇಬೀಡಿನಲ್ಲೇ ಒಂದು ಮನೆ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಭಾವ ಮಂಡಿ ಬಿಟ್ಟು ಬರುವಂತಿಲ್ಲ, ಅಕ್ಕನನ್ನು ಬಿಟ್ಟು ಇರುವಂತೆಯೂ ಇಲ್ಲ. ಅವಳು ತವರಿಗೆ ಬಂದರೆ ಸಂಜೆಯೊಳಗೆ "ಮನೇಲಿ ಹಿಂಗಿನ ಡಬ್ಬಿ ಎಲ್ಲೈತೆ?" ಎಂದು ಕೇಳಿಕೊಂಡು ಬಂದುಬಿಡುವ ಗಿರಾಕಿ. ಒಂದು ದಿನವಾದರೂ ಆ ಹಿಂಗು ಹಾಕಿ ಅಡುಗೆ ಮಾಡಿದ್ದುಂಟೇ? ಇಲ್ಲ.

ದಸರಾ ರಜೆಗೆ ಮುಂಚೆ ಒಂದು ಸಂಜೆ ಅಕ್ಕ ಸೋತು ಹೇಳಿದಳು. "ಬಡ್ತಿ ಬೇಡ ಅಂತ ಬರೆದುಕೊಟ್ಟುಬಿಡ್ತೀನಿ ರೀ. ಹೊಟ್ಟೇಲಿ ತಾಕತ್ತಿಲ್ಲದವಳು ಕುರ್ಚಿ ಆಸೆ ಪಡಬಾರದು."

ಭಾವ ಮರುದಿನ ಬೆಳಿಗ್ಗೆ ನಮ್ಮ ಮನೆಗೆ ಬಂದರು. ನನ್ನ ಮನೆ ಅದೇ ಬೀದಿಯ ಕೊನೆಯಲ್ಲಿದೆ.

"ಕಾರು ತಗಳಾಣ ಅಂತ ಕಣೇ."

"ಎಂಥಾದ್ದು ಭಾವ?"

"ಓಡೋದು."

"ಎಲ್ಲಾ ಕಾರೂ ಓಡುತ್ತವಲ್ಲ?"

"ಹಂಗಲ್ಲ. ವಾಂತಿಗೆ ಅದರದೇ ಒಂದು ಟೈಮ್ ಐತೆ. ಅದು ಬರೋ ಹೊತ್ಗೆ ನಾವು ಸ್ಕೂಲ್ ಮುಟ್ಟಿರಬೇಕು."

ಅಂದಿನಿಂದ ಭಾವ ಕಾರುಗಳ ಹಿಂದೆ ಬಿದ್ದರು. ಕೈಗೆಟುಕುವ ಬೆಲೆಯದಾಗಿರಬೇಕು, ಪೇಟೆ ಬೀದಿಯಲ್ಲಿ ತಿರುಗಿಸಲು ಬರುವಷ್ಟು ಚಿಕ್ಕದಾಗಿರಬೇಕು, ದಿನಾ ಹೋಗಿ ಬಂದರೂ ಸುಸ್ತಾಗಬಾರದು, ಆದರೆ ಕಾಲಿಟ್ಟರೆ ಚಿಮ್ಮಬೇಕು! ಕಂಪನಿಗಳ ಹೆಸರನ್ನು ನಾನು ಹೇಳುವುದಿಲ್ಲ. ಭಾವ ಇಟ್ಟ ಅಡ್ಡಹೆಸರುಗಳೇ ಸಾಕು. ಎಲ್ಲರ ಮನೆ ಮುಂದೆಯೂ ನಿಂತಿರುತ್ತಿದ್ದ ಪುಟ್ಟ ಬಿಳಿ ಕಾರು ಅವರಿಗೆ "ಬೆಂಕಿಪೊಟ್ಣ". ತಲೆ ಎತ್ತರವಾಗಿದ್ದ ಹೊಸ ಕಾರು "ಪೇಟ". ಅದು ತಿರುವಿನಲ್ಲಿ ವಾಲಿದರೆ ಒಳಗಿನ ಹೊಟ್ಟೆಯೂ ವಾಲುತ್ತದೆ ಎಂದು ಬಿಟ್ಟರು. ಡೀಸೆಲ್ಲಿನದು "ಅಕ್ಕಿ ಗಿರಣಿ". ಪೇಟೆಯ ಸ್ನೇಹಿತರು ಅದನ್ನೇ ತಗೋ, ಮೈಲೇಜ್ ಕೊಡುತ್ತೆ ಎಂದರು. "ಮೈಲೇಜ್ ತಗಂಡು ಏನ್ಲಾ ಮಾಡಲಿ? ನನ್ ಹೆಂಡ್ರಿಗೆ ಮೈಲಿ ಕಮ್ಮಿ ಆಗಬೇಕು" ಎಂದು ಬೈದು ಕಳಿಸಿದರು.

ಹಾಸನದ ಶೋರೂಮಿಗೆ ಹೋಗುವಾಗ ಅಕ್ಕನನ್ನೂ ನನ್ನನ್ನೂ ರೈಲಿನಲ್ಲಿ ಕರೆದುಕೊಂಡು ಹೋದರು. ಅಕ್ಕ ಇಲ್ಲದಿದ್ದರೆ ಪರೀಕ್ಷೆ ನಡೆಯುವುದಾದರೂ ಹೇಗೆ? ಟೈ ಕಟ್ಟಿದ್ದ ಸೇಲ್ಸ್‌ಮನ್ ಇಂಜಿನ್ನು, ಏಸಿ, ಬಂಪರು ಎಂದು ಪಾಠ ಒಪ್ಪಿಸಿದ. ಭಾವ ಎಲ್ಲವನ್ನೂ ಕೇಳಿ, ಕಾರಿನ ಬಾಗಿಲನ್ನು ಬೆರಳಿನಿಂದ ತಟ್ಟಿ, "ತಗಡು ತೆಳ್ಳಗೈತೆ" ಎಂದು ಶುರುಮಾಡಿ, ಕೊನೆಗೆ ಗಂಭೀರವಾಗಿ ಕೇಳಿದರು. "ಇದರಾಗೆ ಹೆಂಗಸರಿಗೆ ವಾಂತಿ ಬತ್ತದಾ?"

"ಸರ್, ಇದರಲ್ಲಿ ಪವರ್ ಸ್ಟೀರಿಂಗ್ ಇದೆ ಸರ್" ಎಂದ ಆತ.

ಅದು ಹಾಳಾಗಲಿ. ಬೆಲೆಯ ಮಾತು ಬಂದಾಗ ಭಾವ ಹೆಗಲ ಮೇಲಿನ ಟವೆಲ್ಲು ತೆಗೆದು ಆತನ ಬಲಗೈ ಮೇಲೆ ಹಾಸಿ, ಅದರ ಕೆಳಗೆ ತಮ್ಮ ಕೈ ತೂರಿಸಿ ಅವನ ಬೆರಳುಗಳನ್ನು ಹಿಡಿದುಕೊಂಡರು! ದನದ ಸಂತೆಯಲ್ಲಿ ವ್ಯಾಪಾರ ಮಾಡುವುದು ಹೀಗೆಯೇ. ಬೆರಳು ಒತ್ತಿ ಬೆಲೆ ಹೇಳುವುದು, ಸುತ್ತ ನಿಂತವರಿಗೆ ಗೊತ್ತಾಗಬಾರದು. ಆದರೆ ಪಾಪ, ಆ ಯುವಕ ಯಾವ ಸಂತೆ ಕಂಡಿದ್ದ? ಕೈ ಬಿಡಿಸಿಕೊಳ್ಳಲೂ ಆಗದೆ, ಹಿಡಿದುಕೊಳ್ಳಲೂ ಆಗದೆ, "ಮೇಡಂ, ಸರ್‌ಗೆ ಹುಷಾರಿಲ್ವಾ?" ಎಂದು ಅಕ್ಕನನ್ನು ಕೇಳಿದ. ಅಕ್ಕ ಅಂದು ಕಾರು ಹತ್ತದೆಯೇ ಮುಖ ಬೆಳ್ಳಗೆ ಮಾಡಿಕೊಂಡಳು.

ಹೊಸ ಕಾರಿನ ಬೆಲೆ ಇಳಿಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಹಳೆಯದರ ಹುಡುಕಾಟ. ಹಾಸನದಲ್ಲೇ ಒಬ್ಬ ಇಂಜಿನಿಯರ್ ಮದುವೆ ಗೊತ್ತಾದ್ದರಿಂದ ತನ್ನ ಕೆಂಪು ಕಾರನ್ನು ಮಾರಲು ಹೊರಟಿದ್ದ. ಗಿಡ್ಡ ಕಾರು, ನೆಲಕ್ಕೆ ಅಂಟಿಕೊಂಡಂತೆ ನಿಂತಿತ್ತು. ಅಗಲವಾದ ಚಕ್ರ. ಕೀ ತಿರುಗಿಸಿದರೆ ಗುಟುರು ಹಾಕುತ್ತಿತ್ತು. ಭಾವ ಅದನ್ನು ಒಂದು ಸುತ್ತು ಓಡಿಸಿಕೊಂಡು ಬಂದಾಗ ಅವರ ಮುಖ ನೋಡಬೇಕಿತ್ತು! ಬಾಯಲ್ಲಿ ಮಾತ್ರ "ಬಣ್ಣ ಕಣ್ಣಿಗೆ ಹೊಡೀತದೆ, ಸೀಟು ಗಟ್ಟಿ, ಡಿಕ್ಕೀಲಿ ಒಂದು ಮೂಟೆ ಹಿಡಿಯಾಕಿಲ್ಲ" ಎಂದು ಸಾಲು ಸಾಲು ದೂರು. ನನಗೆ ಅರ್ಥವಾಯಿತು, ಹುಡುಗ ಒಪ್ಪಿಕೊಂಡಿದ್ದಾನೆ.

"ಭಾವ, ನಿಜ ಹೇಳಿ. ಇದು ಅಕ್ಕನ ಹೊಟ್ಟೆಗೋ, ನಿಮ್ಮ ಆಸೆಗೋ?" ಎಂದೆ.

"ಹೋಗೇ, ಅಧಿಕಪ್ರಸಂಗಿ" ಎಂದರು. ಕಿವಿ ಕೆಂಪಗಾಗಿತ್ತು. ಐವತ್ತು ದಾಟಿದವರ ಕಿವಿ ಕೆಂಪಾಗುವುದನ್ನು ನಾನು ಅದೇ ಮೊದಲು ನೋಡಿದ್ದು.

ಇಂಜಿನಿಯರನ ಅಪ್ಪ ಪಂಚೆಯುಟ್ಟ ಹಳೆಯ ಕಾಲದ ಮನುಷ್ಯ. ಭಾವ ಟವೆಲ್ಲು ತೆಗೆದದ್ದೇ ತಡ, ಆತ ತಾನಾಗಿಯೇ ಕೈ ಚಾಚಿದರು! ಟವೆಲ್ಲಿನ ಕೆಳಗೆ ಬೆರಳುಗಳು ಆಡಿದವು, ಇಬ್ಬರೂ ತಲೆ ಅಲ್ಲಾಡಿಸಿದರು, ಒಬ್ಬರು ಮುನಿದರು, ಇನ್ನೊಬ್ಬರು ನಕ್ಕರು, ವ್ಯಾಪಾರ ಮುಗಿಯಿತು. ಪಕ್ಕದಲ್ಲೇ ನಿಂತಿದ್ದ ಕಾರಿನ ಮಾಲೀಕನಿಗೆ ತನ್ನ ಕಾರು ಎಷ್ಟಕ್ಕೆ ಹೋಯಿತೆಂದು ಗೊತ್ತಾದದ್ದು ನಾವೆಲ್ಲ ಕಾಫಿ ಕುಡಿದಾದ ಮೇಲೆ.

ರಜೆ ಮುಗಿದ ದಿನ ಭಾವ ಅಕ್ಕನನ್ನು ಕೂರಿಸಿಕೊಂಡು ಹೊರಟರು. ವಯಸ್ಸಿನಲ್ಲಿದ್ದಾಗ ಮಂಡಿಯ ಲಾರಿ ಓಡಿಸಿ ಪಳಗಿದ ಕೈ. ಹಿಂದೆ ಕೊಬ್ಬರಿ ಮೂಟೆ ಇದೆಯೆಂದೇ ಓಡಿಸುತ್ತಾರೆ. ಮೂಟೆಗೆ ವಾಂತಿ ಬರುವುದಿಲ್ಲವಲ್ಲ! ಸೊಂಯ್ ಎಂದು ಚಿಮ್ಮುವುದು, ಎಮ್ಮೆ ಅಡ್ಡ ಬಂದರೆ ಗಕ್ಕನೆ ನಿಲ್ಲುವುದು, ಮತ್ತೆ ಚಿಮ್ಮುವುದು. ಪರಿಣಾಮ ಏನಾಯಿತು ಗೊತ್ತೇ? ಬಸ್ಸಿನಲ್ಲಿ ಹಳೇಬೀಡಿಗೆ ಬರುತ್ತಿದ್ದ ವಾಂತಿ ಕಾರಿನಲ್ಲಿ ಜಾವಗಲ್ಲಿಗೇ ಬಂತು! ಕಾರು ಎಷ್ಟು ಬೇಗ ಓಡಿತೋ ಅದೂ ಅಷ್ಟೇ ಬೇಗ ಓಡಿ ಬಂದಿತ್ತು.

ಒಂದು ವಾರ ಇದೇ ಕಥೆ. ಕೊನೆಗೆ ಶನಿವಾರ ಸಂಜೆ ಅಕ್ಕ ಕಾರಿನಿಂದಿಳಿದು ಜಗುಲಿಯ ಮೇಲೆ ಕುಸಿದು ಕೂತಳು. ನಾನು ನೀರು ಕೊಟ್ಟೆ. ಭಾವ ತಪ್ಪಿತಸ್ಥರಂತೆ ಮೆಟ್ಟಿಲ ಕೆಳಗೆ ನಿಂತಿದ್ದರು.

"ಸೋಮವಾರ ಬಡ್ತಿ ಬೇಡ ಅಂತ ಬರೆದುಕೊಡ್ತೀನಿ" ಎಂದಳು ಅಕ್ಕ.

"ಇನ್ನೊಂಚೂರು ಜೋರಾಗಿ ಓಡಿಸಿದ್ರೆ..." ಎಂದರು ಭಾವ.

"ಜೋರಿನದಲ್ಲ ರೀ! ನೀವು ಯಾವಾಗ ಬ್ರೇಕ್ ಹಾಕ್ತೀರೋ, ಯಾವ ಕಡೆ ತಿರುಗಿಸ್ತೀರೋ ನನ್ನ ಹೊಟ್ಟೆಗೆ ಗೊತ್ತಾಗಲ್ಲ. ಅರಸೀಕೆರೆ ಪೂರ್ತಿ ಲೂನಾ ಗಾಡೀಲಿ ಸುತ್ತಿದೀನಿ, ಒಂದು ದಿನ ಹೀಗಾಗಿದ್ಯಾ? ನಾನೇ ಓಡಿಸೋವಾಗ ಹೊಟ್ಟೆಗೆ ಮೊದಲೇ ಗೊತ್ತಿರುತ್ತೆ."

ಹೇಳಿದ ಅಕ್ಕನೇ ತನ್ನ ಮಾತು ಕೇಳಿ ನೀರಿನ ಲೋಟ ಕೆಳಗಿಟ್ಟಳು. ಭಾವ ಬಹಳ ಹೊತ್ತು ಆ ಕೆಂಪು ಕಾರನ್ನು ನೋಡಿದರು. ಅದರ ಸ್ಟೀರಿಂಗಿಗೆ ಹೊಸ ಹೊದಿಕೆಯನ್ನು ಅವರೇ ಕೂತು ಹೊಲಿದು ಹಾಕಿದ್ದರು. ಆಮೇಲೆ ಮೆಟ್ಟಿಲು ಹತ್ತಿ ಬಂದು ಕೀಯನ್ನು ಅಕ್ಕನ ಮಡಿಲಲ್ಲಿಟ್ಟು, "ಬಣ್ಣಾನೂ ಹೆಂಗಸರದ್ದೇ ಐತೆ, ತಗಾ" ಎಂದರು.

ಅಕ್ಕ ಒಂದು ತಿಂಗಳ ರಜೆ ಹಾಕಿ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಸಂಜೆಯ ಅಭ್ಯಾಸ ಭಾವನ ಜೊತೆ, ಮಾರುಕಟ್ಟೆಯ ಖಾಲಿ ಅಂಗಳದಲ್ಲಿ. ಮಂಡಿಯ ಹಮಾಲರೆಲ್ಲ ಜಗುಲಿ ಹತ್ತಿ ನಿಂತು ನೋಡುತ್ತಿದ್ದರು. ಜಗುಲಿ ಹತ್ತಿದ್ದು ಗೌರವದಿಂದಲ್ಲ, ಜೀವಭಯದಿಂದ! ಲೈಸೆನ್ಸ್ ಬಂತು. ಮೊದಮೊದಲು ಭಾವ ಪಕ್ಕದಲ್ಲಿ ಕೂತು ಶಾಲೆಯವರೆಗೂ ಹೋಗಿ ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದರು. ಅಕ್ಕನ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿ ಕೂತಿತ್ತು. ಆದರೆ ಭಾವನ ಬಾಯಿ ಕೂರಬೇಕಲ್ಲ? "ಗೇರು! ಹಾರನ್! ಎಮ್ಮೆ! ಎಮ್ಮೆ ಕಣೇ!" ಎಂದು ದಾರಿಯುದ್ದಕ್ಕೂ ಕೂಗಾಟ. ಅವರ ಕಡೆ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಕಾಲಡಿಯ ಮ್ಯಾಟು ತೂತುಬಿತ್ತು. ತೂತು ಕಂಡ ದಿನ ಅಕ್ಕ ಹೆಡ್‌ಮಿಸ್ಟ್ರೆಸ್ ದನಿಯಲ್ಲಿ ಹೇಳಿದಳು, "ನಾಳೆಯಿಂದ ನೀವು ಬರಕೂಡದು."

ಮಂಡಿಗೆ ಹೊಸ ಕೊಬ್ಬರಿ ನೋಡಬೇಕು, ಹಳ್ಳಿ ಕಡೆ ತಿರುಗಾಟ ಜಾಸ್ತಿಯಾಗಿದೆ ಎಂದು ಭಾವ ಅಂದಿನಿಂದ ಬೆಳಿಗ್ಗೆ ಬೇಗನೆ ಮನೆ ಬಿಡತೊಡಗಿದರು. ಮುನಿಸಿಕೊಂಡಿದ್ದಾರೆ ಎಂದುಕೊಂಡೆ. ಆಸೆಪಟ್ಟು ತಂದ ಕಾರು, ಓಡಿಸಿದ್ದು ಒಂದೇ ವಾರ. ಪಕ್ಕದಲ್ಲಿ ಕೂರುವ ಯೋಗವೂ ತಪ್ಪಿತು. ಯಾರಿಗಾದರೂ ಬೇಸರವಾಗದೆ ಇರುತ್ತದೆಯೇ?

ಆ ಚಳಿಗಾಲದಲ್ಲಿ ನಮ್ಮ ಯಜಮಾನರ ಚಿಕ್ಕಮ್ಮ ಧಾರವಾಡದಿಂದ ಬಂದಿದ್ದರು. ಅವರಿಗೆ ಬೇಲೂರು ತೋರಿಸಿ, ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ಬಸ್ಸಿನಲ್ಲಿ ಹಳೇಬೀಡಿಗೆ ಬಂದು ಪಕ್ಕದ ಬಸ್ತಿಹಳ್ಳಿಯ ಬಸದಿಗೆ ಕರೆದುಕೊಂಡು ಹೋದೆ. ಅವರು ಬಸದಿಯ ನುಣುಪು ಕಂಬದಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಾ ಮೈಮರೆತಿದ್ದರು. ನಾನು ಟೀ ಕುಡಿಯೋಣವೆಂದು ರಸ್ತೆಗೆ ಬಂದರೆ, ಹುಣಸೆಮರದ ಕೆಳಗಿನ ಟೀ ಅಂಗಡಿಯ ಬೆಂಚಿನ ಮೇಲೆ ಟವೆಲ್ಲು ಹೊದ್ದುಕೊಂಡು ಭಾವ!

"ಭಾವ! ಇಲ್ಲೇನು ಮಾಡ್ತಿದೀರಿ?"

"ಕೊಬ್ಬರಿ ನೋಡನಾ ಅಂತ..." ಎಂದರು. ಸುತ್ತ ಎಲ್ಲೂ ಒಂದು ತೆಂಗಿನ ಚಿಪ್ಪೂ ಇರಲಿಲ್ಲ.

ಅಂಗಡಿಯಾಕೆ ನಕ್ಕಳು. "ಯಾವ ಕೊಬ್ಬರಿ ತಕ್ಕಳ್ರವ್ವಾ. ದಿನಾ ಬತ್ತಾರೆ ಈ ಯಜಮಾನ್ರು. ಒಂದು ಕೆಂಪು ಕಾರು ಹೋಗೋಗಂಟ ಟೀ ಲೋಟ ಬಾಯಿಗಿಕ್ಕಾಕಿಲ್ಲ."

ಅಷ್ಟರಲ್ಲಿ ಹಳೇಬೀಡಿನ ಕಡೆಯಿಂದ ಆ ಗುಟುರು ಕೇಳಿಸಿತು. ಭಾವ ಎದ್ದು ಹುಣಸೆಮರದ ಮರೆಗೆ ಸರಿದರು. ಖಾಲಿ ರಸ್ತೆಯಲ್ಲಿ ಕೆಂಪು ಕಾರು ತಿರುವನ್ನು ಅಪ್ಪಿಕೊಂಡು ಬಂತು, ನಮ್ಮ ಮುಂದೆ ಸೊಂಯ್ ಎಂದು ಚಿಮ್ಮಿತು, ಮಾದಿಹಳ್ಳಿಯ ದಾರಿ ಹಿಡಿದು ಮರೆಯಾಯಿತು. ಒಳಗೆ ಅಕ್ಕ ನೆಟ್ಟಗೆ, ಮಹಾರಾಣಿಯ ಹಾಗೆ ಕೂತಿದ್ದಳು. ಭಾವನ ಕಣ್ಣು ತುಂಬಿತ್ತು.

"ನೋಡಿದ್ಯಾ? ಆ ತಿರುವಲ್ಲಿ ಹೆಂಗೆ ಎಳೆದ್ಲು ನೋಡಿದ್ಯಾ!" ಎಂದರು. ಆ ಮಾತಿನಲ್ಲಿ ಒಂದೇ ಒಂದು ದೂರೂ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಅವಳಿಗೆ ಹೇಳಬ್ಯಾಡ ಕಣೇ. ನಾನು ನಿಂತಿರ್ತೀನಿ ಅಂತ ಗೊತ್ತಾದ್ರೆ ನಿಧಾನ ಮಾಡಿಬಿಡ್ತಾಳೆ" ಎಂದರು.

ಗುಟ್ಟು ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎನ್ನುವುದು ಇಡೀ ಅರಸೀಕೆರೆಗೆ ಗೊತ್ತು. ಅಂದು ಸಂಜೆಯೇ ಅಕ್ಕನ ಮನೆಗೆ ಓಡಿದೆ. ಅವಳು ಸೊಪ್ಪು ಬಿಡಿಸುತ್ತಾ ಎಲ್ಲವನ್ನೂ ಕೇಳಿದಳು. ತಲೆಯೆತ್ತಲಿಲ್ಲ.

"ಗೊತ್ತು ಕಣೇ" ಎಂದಳು. "ಒಂದು ದಿನ ಮರದ ಮರೇಲಿ ಟವೆಲ್ ಕಾಣಿಸ್ತು. ಆವತ್ತಿಂದ ನೋಡೇ ಇಲ್ಲದವಳ ಹಾಗೆ ಹೋಗ್ತೀನಿ. ಮಿಕ್ಕ ದಾರಿಯೆಲ್ಲ ನಿಧಾನವೇ. ರಸ್ತೆ ಖಾಲಿ ಇದ್ದರೆ ಅಲ್ಲಿ ಮಾತ್ರ ಒಂಚೂರು ಜೋರಾಗಿ ಓಡಿಸ್ತೀನಿ. ಪಾಪ, ಅಷ್ಟು ದೂರ ಬಸ್ಸಲ್ಲಿ ಬಂದಿರ್ತಾರೆ."