ವಿಷ ನೋಡುವವಳ ಕೈಯ ಚಹಾ

ಹುಳದ ಜೀವಕೋಶಗಳ ಜೊತೆ ಕೆಲಸ ಮಾಡುವವರಿಗೆ ನಗಲು ಬೇರೆ ಖರ್ಚು ಬೇಕಿಲ್ಲ. ಶಿಗ್ಗಾಂವಿಯ ನಮ್ಮ ಸಣ್ಣ ಲ್ಯಾಬಿನಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ನನ್ನ ಕೆಲಸ ಇಷ್ಟೇ: ಪತಂಗದ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಅವುಗಳ ಮೇಲೆ ರಾಸಾಯನಿಕ ಹಾಕಿ, ಬದುಕಿದವೋ ಸತ್ತವೋ ನೋಡುವುದು. ಹೊಲ, ಕೆರೆಗಳ ಜೀವಜಂತುಗಳಿಗೆ ಅದು ಎಷ್ಟು ಅಪಾಯ ಎಂಬ ಅಂದಾಜು ಸಿಗುತ್ತದೆ.

ಚಹಾ

ಸವಣೂರಿನಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದಿದ್ದರು. "ಹುಡುಗಿ ಏನ್ ಕೆಲಸ ಮಾಡ್ತಾಳ್ರಿ?" ಎಂದು ಹುಡುಗನ ತಾಯಿ ಕೇಳಿದರು.

ನಮ್ಮವ್ವ ಹೆಮ್ಮೆಯಿಂದ, "ದಿನಾ ಒಂದೊಂದ್ ನಮೂನಿ ವಿಷ ಹಾಕ್ತಾಳ್ರಿ. ಎಷ್ಟ್ ಹಾಕಿದ್ರ ಸಾಯ್ತಾವು, ಎಷ್ಟ್ ಹಾಕಿದ್ರ ಉಳೀತಾವು, ಎಲ್ಲಾ ಅಕಿಗೆ ಬಾಯಿಪಾಠ" ಎಂದಳು.

ಸರಿಯಾಗಿ ಅದೇ ಹೊತ್ತಿಗೆ ನಾನು ಚಹಾ ಹಿಡಿದು ಒಳಗೆ ಬಂದೆ. ಬಂದವರಿಗೆಲ್ಲ ಒಮ್ಮೆಲೇ ಅಸಿಡಿಟಿ ಶುರುವಾಯಿತು.

ಬೋರ್ಡು

ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಅನ್ನುತ್ತಾರೆ. ಹಾನಗಲ್ಲಿನ ಎಣ್ಣಿ ಅಂಗಡಿಯವರೊಬ್ಬರು ಲ್ಯಾಬಿಗೆ ಬಂದಿದ್ದರು. ಒಂದು ಎಣ್ಣಿ ತೋರಿಸಿ, "ಇದು ಭಾಳ ಅಪಾಯ. ಜೇನಿಗೂ ಒಳ್ಳೇದಲ್ಲ. ಒಂದು ಹನಿಗೇ ಕೋಶ ಎಲ್ಲಾ ಸತ್ತು ಹೋದ್ವು" ಎಂದು ಗಂಭೀರವಾಗಿ ಎಚ್ಚರಿಸಿದೆ.

ಅವರ ಮುಖ ಅರಳಿತು. "ಒಂದ ಹನಿ! ಮೇಡಂ, ಇದನ್ನ ಅಂಗಡಿ ಬೋರ್ಡಿನ ಮ್ಯಾಲೆ ಬರಸ್ಲೇನ್ರಿ?"

ಒಂದು ಬುಟ್ಟಿ ಸೊಪ್ಪು

ಹಿರೇಬೆಂಡಿಗೇರಿಯ ರೈತರೊಬ್ಬರು ಹಿಪ್ಪುನೇರಳೆ ಸೊಪ್ಪು (ನಮ್ಮ ಕಡೆ ತಪ್ಪಲ ಅನ್ನುತ್ತಾರೆ) ಹಿಡಿದು ಓಡಿ ಬಂದರು. "ಬಾಜೂ ಹೊಲದವ್ರು ಎಣ್ಣಿ ಹೊಡದಾರ್ರಿ. ನಮ್ ತಪ್ಪಲದ ಮ್ಯಾಲೂ ಬಿದ್ದೈತೋ ಏನೋ! ರೇಷ್ಮಿ ಹುಳ ಇನ್ನೇನು ಗೂಡು ಕಟ್ತಾವು. ಈಗ ಸತ್ರ ನಾನೂ ಸತ್ತಂಗ್ರಿ."

ಪರೀಕ್ಷೆಗೆ ಎರಡು ದಿನ ಬೇಕು, ಅಲ್ಲಿಯವರೆಗೆ ಬೇರೆ ಹೊಲದ ಸೊಪ್ಪು ಹಾಕಿ ಎಂದೆ. ಸೊಪ್ಪು ತೊಳೆದ ನೀರು ಬಿದ್ದ ಕೋಶಗಳೆಲ್ಲ ಸತ್ತವು. ಅವರು ಮತ್ತೆ ಬಂದಾಗ, "ಈ ತಪ್ಪಲ ಹಾಕಬ್ಯಾಡ್ರಿ" ಎಂದೆ. ತಲೆ ಹಿಡಿದು ಕುಳಿತೇ ಬಿಟ್ಟರು.

"ನಿಮ್ಮ ಹುಳ ಉಳದಾವಲ್ರಿ?"

"ನನ್ನವು ಉಳದಾವ್ರಿ. ಆದ್ರ ಎರಡ್ ದಿನ ತಡ್ಯಾಕ ಆಗ್ಲಿಲ್ಲ. ಹೆಂಡ್ತಿ ಅಣ್ಣನ ಮನ್ಯಾಗೂ ಹುಳ ಅದಾವು. ಅವು ಸಾಯ್ತಾವೋ ಉಳೀತಾವೋ ನೋಡೂಣು ಅಂತ ಅವತ್ತ ಅವಂಗ ಒಂದ್ ಬುಟ್ಟಿ ಕೊಟ್ಟ ಬಂದೀನಿ!"

ನನಗೆ ನಗು, ಅವರಿಗೆ ಜೀವಭಯ. ಅಲ್ಲೇ ಫೋನ್ ಹಚ್ಚಿಸಿ ಸ್ಪೀಕರ್ ಹಾಕಿಸಿದೆ. "ಆ ತಪ್ಪಲ ಹಾಕಬ್ಯಾಡ್ರಿ!" ಎಂದು ಇವರು ಕೂಗಿದರು.

ಹೆಂಡತಿಯ ಅಣ್ಣನ ದನಿ ತಣ್ಣಗೆ ಬಂತು: "ತಿಪ್ಪಿಗೆ ಒಗದು ಎರಡ್ ದಿನಾತು. ಲಗ್ನಾದಾಗಿಂದ ಒಂದ್ ಎಲಿ-ಅಡಕಿ ಪುಕ್ಕಟ ಕೊಟ್ಟಾಂವಲ್ಲ ನೀ. ಬುಟ್ಟಿ ತುಂಬ ತಪ್ಪಲ ಹೊತ್ಕೊಂಡ್ ನಕ್ಕೋತ ಬಂದಿ ನೋಡು, ಇದರಾಗ ವಿಷ ಐತಿ ಅಂತ ಅವಾಗ ತಿಳೀತು."